ಯಹೂದಿ ಯಾರು? ಕೇಳುತ್ತಿರುವವರು ಯಾರೆಂದು ಮೊದಲು ನೋಡಿ

ಯಹೂದಿ ಎನ್ನುವುದು ಧರ್ಮವೋ, ಜನಾಂಗವೋ, ರಾಷ್ಟ್ರವೋ? ಇಸ್ರೇಲಿನ ಸುದ್ದಿ ಪತ್ರಿಕೆಗಳ ಮುಖಪುಟಕ್ಕೆ ಬಂದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. ಧರ್ಮ ಎಂದು ಉತ್ತರಿಸೋಣವೆಂದರೆ, ದೇವರನ್ನೇ ನಂಬದ, ಯಹೂದಿ ಪ್ರಾರ್ಥನಾಮಂದಿರವಾದ ಸಿನಗಾಗ್‌ನ ಮೆಟ್ಟಿಲು ಹತ್ತದ ಲಕ್ಷಾಂತರ ಜನ ತಾವು ಯಹೂದಿಗಳೆಂದೇ ಹೇಳಿಕೊಳ್ಳುತ್ತಾರೆ. ಅವರ ಧರ್ಮಗುರುಗಳಾದ ರಬ್ಬಿಗಳೂ ಅದನ್ನು ಅಲ್ಲಗಳೆಯುವುದಿಲ್ಲ. ಜನಾಂಗ ಎನ್ನೋಣವೆಂದರೆ, ಪೋಲೆಂಡಿನ ಯಹೂದಿಯ ಪಕ್ಕದಲ್ಲಿ ಇಥಿಯೋಪಿಯಾದ ಯಹೂದಿಯೂ ಮರಾಠಿ ಮಾತನಾಡುವ ಕೊಂಕಣದ ಯಹೂದಿಯೂ ನಿಲ್ಲುತ್ತಾರೆ. ಮತಾಂತರಗೊಂಡು ಬಂದವರು ಬೇರೆ. ರಾಷ್ಟ್ರ ಎನ್ನೋಣವೆಂದರೆ, 1948ಕ್ಕೆ ಮೊದಲು ಹದಿನೆಂಟು ಶತಮಾನಗಳಿಗೂ ಹೆಚ್ಚು ಕಾಲ ಅವರದೆಂಬ ದೇಶವೇ ಇರಲಿಲ್ಲ, ಈಗಲೂ ಹೆಚ್ಚುಕಡಿಮೆ ಅರ್ಧದಷ್ಟು ಜನ ಇಸ್ರೇಲಿನ ಹೊರಗೇ ಇದ್ದಾರೆ.

ಮೂರರಲ್ಲಿ ಯಾವ ಉತ್ತರವೂ ಸುಳ್ಳಲ್ಲ, ಯಾವುದೂ ಸಾಲುವುದೂ ಇಲ್ಲ. ನನಗೆ ಕಾಣುವಂತೆ ತೊಡಕು ಉತ್ತರದಲ್ಲಿಲ್ಲ, ಪ್ರಶ್ನೆಯನ್ನು ನಾವು ಎತ್ತಿಕೊಳ್ಳುವ ರೀತಿಯಲ್ಲಿದೆ. ‘ಯಹೂದಿ ಯಾರು’ ಎಂದು ಬರಿಯ ಕುತೂಹಲಕ್ಕೆ ಕೇಳಿದವರು ಇತಿಹಾಸದಲ್ಲಿ ಕಡಿಮೆ. ತೆರಿಗೆ ವಸೂಲಿಗೆ ಬಂದವನು ಕೇಳಿದ್ದಾನೆ. ಮದುವೆ ಮಾಡಿಸುವ ರಬ್ಬಿ ಕೇಳಿದ್ದಾನೆ. ಧರ್ಮದ್ರೋಹಿಗಳನ್ನು ಹುಡುಕಿ ಶಿಕ್ಷಿಸುವ ಕ್ರೈಸ್ತ ಮತವಿಚಾರಣೆಯ ಅಧಿಕಾರಿ, ಚಕ್ರವರ್ತಿ, ನಾತ್ಸಿ ಗುಮಾಸ್ತ, ಪೌರತ್ವ ಕೊಡುವ ಕಚೇರಿ, ಹೀಗೆ ಎಲ್ಲರೂ ಕೇಳಿದ್ದಾರೆ. ಒಬ್ಬೊಬ್ಬರ ಅಗತ್ಯಕ್ಕೆ ಒಂದೊಂದು ಅಳತೆ ಹುಟ್ಟಿಕೊಂಡಿದೆ. ಯಾವ ಅಳತೆ ಯಾವಾಗ, ಯಾರ ಕೈಯಲ್ಲಿ ಹುಟ್ಟಿತು ಎಂದು ನೋಡುತ್ತಾ ಹೋದರೆ ಗೋಜಲು ಬಹಳಷ್ಟು ಬಿಡಿಸಿಕೊಳ್ಳುತ್ತದೆ.

ಹೀಬ್ರೂ ಬೈಬಲ್‌ನ ಹಳೆಯ ಕಥೆಗಳಲ್ಲಿ ಇದಕ್ಕೆ ಕಟ್ಟುನಿಟ್ಟಿನ ನಿಯಮವಿಲ್ಲ. ವಂಶವನ್ನು ತಂದೆಯ ಕಡೆಯಿಂದ ಎಣಿಸುತ್ತಿದ್ದರು. ಯೋಸೇಫನ ಹೆಂಡತಿ ಈಜಿಪ್ಟಿನ ಪುರೋಹಿತನ ಮಗಳು. ಅವಳ ಮಕ್ಕಳಾದ ಎಫ್ರಾಯೀಮ್ ಮತ್ತು ಮನಸ್ಸೆಯರೇ ಇಸ್ರೇಲಿನ ಎರಡು ಕುಲಗಳ ಮೂಲಪುರುಷರು. ಮೋಶೆಯ ಹೆಂಡತಿ ಮಿದ್ಯಾನಿನವಳು. ಹೊರಗಿನ ಹೆಣ್ಣು ಮದುವೆಯಾಗಿ ಮನೆಗೆ ಬಂದರೆ ಆ ಮನೆಯವಳೇ ಆದಳು, ಅಷ್ಟೇ. ಮೋವಾಬಿನ ರೂತ್ ಗಂಡ ಸತ್ತ ಮೇಲೂ ಅತ್ತೆಯನ್ನು ಬಿಟ್ಟು ಹೋಗದೆ ಹೇಳುವ ಮಾತು ಪ್ರಸಿದ್ಧವಾದದ್ದು: ‘ನಿನ್ನ ಜನರೇ ನನ್ನ ಜನರು, ನಿನ್ನ ದೇವರೇ ನನ್ನ ದೇವರು.’ ಮೊದಲು ಜನ, ಆಮೇಲೆ ದೇವರು. ಆ ರೂತಳ ಮರಿಮಗನೇ ರಾಜ ದಾವೀದ.

ಈ ಸಡಿಲಿಕೆ ಮುಗಿದದ್ದು ಸೋಲಿನ ನಂತರ. ಕ್ರಿ.ಪೂ. 586ರಲ್ಲಿ ಬ್ಯಾಬಿಲೋನಿನ ಸೇನೆ ಜೆರುಸಲೇಮಿನ ದೇವಾಲಯವನ್ನು ಕೆಡವಿ ಯೆಹೂದ ರಾಜ್ಯದ ಜನರನ್ನು ಗಡೀಪಾರು ಮಾಡಿತು. ಸುಮಾರು ಅರ್ಧ ಶತಮಾನದ ಬಳಿಕ ಪರ್ಷಿಯಾದ ದೊರೆ ಸೈರಸ್ ಅವರಿಗೆ ಹಿಂದಿರುಗಲು ಅನುಮತಿ ಕೊಟ್ಟ. ರಾಜ್ಯವಿಲ್ಲ, ರಾಜನಿಲ್ಲ, ಸುತ್ತ ಬೇರೆ ಜನ. ಹಾಗಿರುವಾಗ ‘ನಾವು’ ಎಂದರೆ ಯಾರು ಎಂಬುದು ಬದುಕಿ ಉಳಿಯುವ ಪ್ರಶ್ನೆಯಾಯಿತು. ಶಾಸ್ತ್ರಜ್ಞ ಎಜ್ರ ಕೊಟ್ಟ ಉತ್ತರ ನಿಷ್ಠುರವಾದದ್ದು: ಹೊರಗಿನ ಜನರ ಹೆಣ್ಣುಗಳನ್ನು ಮದುವೆಯಾದವರು ಅವರನ್ನೂ ಅವರ ಮಕ್ಕಳನ್ನೂ ಕಳುಹಿಸಿಬಿಡಬೇಕು. ಆ ಸಭೆಯ ವರ್ಣನೆ ಬೈಬಲ್‌ನಲ್ಲಿದೆ. ಒಂಬತ್ತನೆಯ ತಿಂಗಳ ಇಪ್ಪತ್ತನೆಯ ದಿನ ದೇವಾಲಯದ ಅಂಗಳದಲ್ಲಿ ಜನ ಆ ವಿಷಯದ ಭಯಕ್ಕೂ ಸುರಿಯುವ ಮಳೆಗೂ ನಡುಗುತ್ತಾ ಕುಳಿತಿದ್ದರು. ‘ಇದು ಮಳೆಗಾಲ, ಹೊರಗೆ ನಿಲ್ಲುವ ಶಕ್ತಿ ನಮಗಿಲ್ಲ, ಇದು ಒಂದೆರಡು ದಿನದ ಕೆಲಸವೂ ಅಲ್ಲ’ ಎಂದು ಅವರು ಕೇಳಿಕೊಂಡರು. ಆಮೇಲೆ ವಿಚಾರಣೆ ನಡೆದು ಹೆಸರುಗಳ ಪಟ್ಟಿಯೇ ತಯಾರಾಯಿತು. ರೂತಳ ಕಥೆಯೂ ಎಜ್ರನ ಪಟ್ಟಿಯೂ ಒಂದೇ ಪವಿತ್ರ ಗ್ರಂಥದಲ್ಲಿ ಉಳಿದುಕೊಂಡಿರುವುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಸೇರಿಸಿಕೊಳ್ಳುವ ದನಿ, ಹೊರಗಿಡುವ ದನಿ ಎರಡೂ ಮೊದಲಿನಿಂದಲೇ ಇದ್ದವು. ಮುಂದಿನ ಜಗಳಗಳೆಲ್ಲ ಇವೆರಡರ ನಡುವಿನವೇ.

ಕ್ರಿ.ಶ. 70ರಲ್ಲಿ ರೋಮನ್ನರು ಎರಡನೆಯ ದೇವಾಲಯವನ್ನೂ ಸುಟ್ಟರು. ಅದುವರೆಗೆ ಯಹೂದಿ ಗಂಡಸರು ವರ್ಷಕ್ಕೊಮ್ಮೆ ಆ ದೇವಾಲಯಕ್ಕೆ ಅರ್ಧ ಶೆಕೆಲ್ ಕಾಣಿಕೆ ಕಳುಹಿಸುತ್ತಿದ್ದರು. ಚಕ್ರವರ್ತಿ ವೆಸ್ಪಾಸಿಯನ್ ಆ ಕಾಣಿಕೆಯನ್ನೇ ತೆರಿಗೆಯಾಗಿ ಮಾರ್ಪಡಿಸಿ, ಹೆಂಗಸರು ಮಕ್ಕಳಿಗೂ ವಿಸ್ತರಿಸಿ, ರೋಮ್‌ನ ಜುಪಿಟರ್ ದೇವಾಲಯಕ್ಕೆ ಸಲ್ಲಬೇಕೆಂದು ವಿಧಿಸಿದ. ಸೋತವರ ದೇವರ ಹಣ ಗೆದ್ದವರ ದೇವರಿಗೆ. ಅವಮಾನದ ಜೊತೆಗೆ ಇದೊಂದು ಆಡಳಿತದ ಸಮಸ್ಯೆಯನ್ನೂ ತಂದಿತು: ತೆರಿಗೆ ವಸೂಲು ಮಾಡಬೇಕಾದರೆ ಯಹೂದಿ ಯಾರೆಂದು ಸರ್ಕಾರ ತೀರ್ಮಾನಿಸಬೇಕು. ಚಕ್ರವರ್ತಿ ಡೊಮಿಷಿಯನ್‌ನ ಕಾಲದಲ್ಲಿ ವಸೂಲಿ ಕ್ರೂರವಾಯಿತು. ತಾವು ಯಹೂದಿಗಳೆಂದು ಒಪ್ಪದೆ ಯಹೂದಿಗಳಂತೆ ಬದುಕುವವರನ್ನೂ, ಹುಟ್ಟನ್ನು ಮುಚ್ಚಿಟ್ಟವರನ್ನೂ ಹಿಡಿದು ತಂದರು. ರೋಮನ್ ಚರಿತ್ರಕಾರ ಸ್ವೆಟೋನಿಯಸ್ ತನ್ನ ಯೌವನದಲ್ಲಿ ಕಣ್ಣಾರೆ ಕಂಡದ್ದನ್ನು ಬರೆದಿಟ್ಟಿದ್ದಾನೆ: ಜನ ಕಿಕ್ಕಿರಿದ ನ್ಯಾಯಾಲಯದಲ್ಲಿ ತೊಂಬತ್ತು ವರ್ಷದ ಮುದುಕನೊಬ್ಬನ ಬಟ್ಟೆ ಸರಿಸಿ, ಅವನಿಗೆ ಸುನ್ನತಿಯಾಗಿದೆಯೇ ಎಂದು ಅಧಿಕಾರಿಗಳು ಪರೀಕ್ಷಿಸಿದರು.

ಕ್ರಿ.ಶ. 96ರಲ್ಲಿ ಪಟ್ಟಕ್ಕೆ ಬಂದ ನರ್ವಾ ಈ ಕಿರುಕುಳ ನಿಲ್ಲಿಸಿದೆನೆಂದು ಸಾರುವ ನಾಣ್ಯವನ್ನೇ ಟಂಕಿಸಿದ. ಆಮೇಲೆ ತೆರಿಗೆ ಬಿದ್ದದ್ದು ಯಹೂದಿ ಆಚಾರವನ್ನು ಬಹಿರಂಗವಾಗಿ ಪಾಲಿಸುವವರ ಮೇಲೆ ಎಂದು ಕೆಲವು ಇತಿಹಾಸಕಾರರು ಹೇಳುತ್ತಾರೆ. ಹಾಗಿದ್ದರೆ, ಹುಟ್ಟಿನ ಗುರುತಿಗಿಂತ ಆಚರಣೆಯ ಗುರುತು ಮುಂದೆ ಬರಲು ಒಂದು ತೆರಿಗೆ ಪುಸ್ತಕವೂ ಕಾರಣವಾಯಿತು ಎನ್ನಬೇಕು.

ದೇವಾಲಯ ಹೋದ ಮೇಲೆ ಬಲಿ, ಪುರೋಹಿತರು, ತೀರ್ಥಯಾತ್ರೆ ಎಲ್ಲವೂ ಹೋದವು. ಉಳಿದದ್ದು ಗ್ರಂಥ ಮತ್ತು ಅದನ್ನು ಓದಿ ಅರ್ಥ ಹೇಳುವ ರಬ್ಬಿಗಳು. ಅವರ ನಿಯಮಗಳು ಸುಮಾರು ಕ್ರಿ.ಶ. 200ರಲ್ಲಿ ಸಂಕಲನಗೊಂಡ ಮಿಶ್ನಾ, ಅದರ ಮೇಲಿನ ಚರ್ಚೆಗಳಾಗಿ ಆಮೇಲಿನ ಶತಮಾನಗಳಲ್ಲಿ ಬೆಳೆದ ತಾಲ್ಮುಡ್‌ಗಳು ಯಹೂದಿ ಬದುಕನ್ನು ನೆಲದಿಂದ ಬಿಡಿಸಿ ನಿಯಮಕ್ಕೆ ಕಟ್ಟಿದವು. ಊಟ, ಸಬ್ಬತ್ ಎಂಬ ಶನಿವಾರದ ವಿಶ್ರಾಂತಿ, ಮದುವೆ, ಸಾಲ, ಸಾವು ಎಲ್ಲಕ್ಕೂ ಹಲಾಖಾ ಎಂಬ ಧರ್ಮಶಾಸ್ತ್ರ ಬಂತು. ಯಹೂದಿ ಯಾರು ಎಂಬುದಕ್ಕೆ ಮೊದಲ ಸ್ಪಷ್ಟ ಉತ್ತರ ಸಿಕ್ಕಿದ್ದೂ ಇಲ್ಲಿಯೇ: ಯಹೂದಿ ತಾಯಿಗೆ ಹುಟ್ಟಿದವರು, ಅಥವಾ ವಿಧಿಪೂರ್ವಕವಾಗಿ ಮತಾಂತರಗೊಂಡವರು.

ತಂದೆಯಿಂದ ತಾಯಿಗೆ ಈ ಬದಲಾವಣೆ ಏಕಾಯಿತು? ‘ತಾಯಿ ಯಾರೆಂಬುದು ಖಚಿತ, ತಂದೆ ಯಾರೆಂಬುದು ನಂಬಿಕೆ’ ಎಂಬ ವಿವರಣೆ ಎಲ್ಲೆಡೆ ಕೇಳಿಬರುತ್ತದೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಅದೇ ಕಾರಣವಾಗಿದ್ದರೆ ಪುರೋಹಿತ ಮನೆತನವೂ ತಾಯಿಯಿಂದಲೇ ಬರಬೇಕಿತ್ತು. ಅದು ಇಂದಿಗೂ ತಂದೆಯಿಂದಲೇ ಬರುತ್ತದೆ. ಕಾನೂನುಬದ್ಧ ಮದುವೆ ಸಾಧ್ಯವಿಲ್ಲದ ಜೋಡಿಯ ಮಗು ತಾಯಿಯ ಅಂತಸ್ತನ್ನು ಪಡೆಯುತ್ತದೆ ಎಂಬ ನಿಯಮ ರೋಮನ್ ಕಾನೂನಿನಲ್ಲೂ ಇತ್ತು, ರಬ್ಬಿಗಳು ಬದುಕಿದ್ದದ್ದು ಆ ಕಾನೂನಿನ ನೆರಳಿನಲ್ಲೇ ಎಂದು ವಿದ್ವಾಂಸರು ತೋರಿಸಿರುವುದು ಹೆಚ್ಚು ನಂಬುವಂತಿದೆ. ‘ಬಳಿ’ ಎಂಬ ಕುಲ ತಾಯಿಯಿಂದ ಬಂದು, ಮನೆಯ ಬೇರೆ ಸಂಬಂಧಗಳು ತಂದೆಯಿಂದಲೂ ಬರುವ ತುಳುನಾಡಿನ ಓದುಗರಿಗೆ ಇಂಥ ಎರಡು ಎಳೆಯ ಲೆಕ್ಕ ಅಪರಿಚಿತವಲ್ಲ.

ಮತಾಂತರದ ವಿಧಿಯಲ್ಲಿ ನಂಬಿಕೆಯ ಪರೀಕ್ಷೆಗಿಂತ ಮೊದಲು ಬೇರೊಂದು ಪ್ರಶ್ನೆ ಬರುತ್ತದೆ. ತಾಲ್ಮುಡ್ ಪ್ರಕಾರ ಬಂದವನನ್ನು ಹೀಗೆ ಕೇಳಬೇಕು: ‘ಏನು ಕಂಡು ಬಂದೆ? ಈ ಕಾಲದಲ್ಲಿ ಇಸ್ರೇಲಿನ ಜನ ತುಳಿತಕ್ಕೊಳಗಾಗಿ ಕಷ್ಟಪಡುತ್ತಿರುವುದು ನಿನಗೆ ತಿಳಿಯದೇ?’ ‘ತಿಳಿದಿದೆ, ಅದರಲ್ಲಿ ಪಾಲುಗೊಳ್ಳುವ ಯೋಗ್ಯತೆಯೂ ನನಗಿಲ್ಲ’ ಎಂದರೆ ಕೂಡಲೇ ಸೇರಿಸಿಕೊಳ್ಳಬೇಕು. ಮೊದಲು ಆ ಜನರ ಕಷ್ಟದಲ್ಲಿ ಪಾಲು, ಆಮೇಲೆ ಶಾಸ್ತ್ರದ ಪಾಠ. ಗಂಡಸಿಗೆ ಸುನ್ನತಿ, ಇಬ್ಬರಿಗೂ ಮಿಕ್ವೆ ಎಂಬ ಕೊಳದಲ್ಲಿ ಮುಳುಗುಸ್ನಾನ. ಅಲ್ಲಿಂದ ಮುಂದೆ ಅವರು ‘ಅಬ್ರಹಾಮನ ಮಗ’, ‘ಅಬ್ರಹಾಮನ ಮಗಳು’. 12ನೆಯ ಶತಮಾನದ ಮಹಾಪಂಡಿತ ಮೈಮೊನಿಡಿಸ್‌ಗೆ ಒಬಾದ್ಯ ಎಂಬ ಮತಾಂತರಿ ಪತ್ರ ಬರೆದು, ಪ್ರಾರ್ಥನೆಯಲ್ಲಿ ‘ನಮ್ಮ ಪಿತೃಗಳ ದೇವರೇ’ ಎಂದು ನಾನು ಹೇಳಬಹುದೇ ಎಂದು ಕೇಳಿದ್ದ. ಧಾರಾಳವಾಗಿ ಹೇಳು, ಅಬ್ರಹಾಮನು ನಿನಗೂ ತಂದೆ, ನಿನಗೂ ನಮಗೂ ಯಾವ ವ್ಯತ್ಯಾಸವೂ ಇಲ್ಲ ಎಂದು ಮೈಮೊನಿಡಿಸ್ ಉತ್ತರಿಸಿದ.

ಈ ನಿಯಮ ನಮ್ಮ ಕರಾವಳಿಯಲ್ಲಿ ಕೆಲಸ ಮಾಡಿದ್ದಕ್ಕೆ ದಾಖಲೆ ಇದೆ. ಟ್ಯುನೀಸಿಯಾದ ಮಹ್ದಿಯಾ ಊರಿನ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿ 1130ರ ದಶಕದ ಆರಂಭದಲ್ಲಿ ಮಂಗಳೂರಿಗೆ ಬಂದು ಸುಮಾರು ಹದಿನೇಳು ವರ್ಷ ಈ ಕರಾವಳಿಯಲ್ಲಿ ನೆಲೆಸಿದ್ದ. ಕರಿಮೆಣಸು, ಅಡಿಕೆ, ಕಬ್ಬಿಣವನ್ನು ಏಡನ್‌ಗೆ ಕಳುಹಿಸುತ್ತಿದ್ದ, ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸುತ್ತಿದ್ದ. ಅವನ ಕಾಗದಪತ್ರಗಳು ಕೈರೋದ ಹಳೆಯ ಭಾಗವಾದ ಫುಸ್ತಾತ್‌ನ ಬೆನ್ ಎಜ್ರಾ ಸಿನಗಾಗ್‌ನ ಗೆನಿಜಾ ಎಂಬ ಕೋಣೆಯಲ್ಲಿ ಶತಮಾನಗಳ ಕಾಲ ಬಿದ್ದಿದ್ದವು. ದೇವರ ಹೆಸರು ಬರೆದ ಕಾಗದವನ್ನು ನಾಶ ಮಾಡಬಾರದೆಂದು ಹಳೆಯ ಪತ್ರಗಳನ್ನೆಲ್ಲ ಅಲ್ಲಿ ಹಾಕುತ್ತಿದ್ದರು. ಆ ಪತ್ರಗಳಲ್ಲಿ ಒಂದು ಬಿಡುಗಡೆ ಪತ್ರ: 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬೆನ್ ಯಿಜು ಅಶು ಎಂಬ ಸ್ಥಳೀಯ ದಾಸಿಯನ್ನು ಸ್ವತಂತ್ರಳನ್ನಾಗಿ ಮಾಡಿದ್ದಾನೆ. ಅವಳಿಗೆ ಬೆರಾಖಾ ಎಂಬ ಹೀಬ್ರೂ ಹೆಸರು ಬಂತು.

ಯಹೂದಿ ಧರ್ಮಶಾಸ್ತ್ರದಲ್ಲಿ ವಿಧಿಪೂರ್ವಕವಾಗಿ ಬಿಡುಗಡೆಯಾದ ದಾಸಿ ಪೂರ್ಣ ಯಹೂದಿ. ಆಮೇಲೆ ಅವಳಿಗೆ ಹುಟ್ಟುವ ಮಕ್ಕಳು ಹುಟ್ಟಿನಿಂದಲೇ ಯಹೂದಿಗಳು. ಬೆನ್ ಯಿಜುವಿನ ಮಕ್ಕಳ ತಾಯಿ ಈ ಅಶುವೇ ಎಂದು ವಿದ್ವಾಂಸರು ನಂಬುತ್ತಾರೆ. 1149ರಲ್ಲಿ ಅವನು ಮಕ್ಕಳನ್ನು ಕರೆದುಕೊಂಡು ಏಡನ್‌ಗೆ ಹೊರಟ. ಮಗಳು ಸಿತ್ ಅಲ್ ದಾರ್‌ಳನ್ನು ತನ್ನ ಸ್ವಂತ ಅಣ್ಣತಮ್ಮಂದಿರ ಮನೆಗೇ ಕೊಡಬೇಕೆಂಬುದು ಅವನ ಹಟ. 1156ರಲ್ಲಿ ಫುಸ್ತಾತ್‌ನಲ್ಲಿ ತನ್ನ ಸಹೋದರನ ಮಗನೊಂದಿಗೆ ಅವಳ ಮದುವೆ ಮಾಡಿಸಿದ. ಮಂಗಳೂರಿನ ಒಬ್ಬ ಹೆಣ್ಣುಮಗಳು ಒಂದು ಕಾಗದದ ಬಲದಿಂದ ಅಬ್ರಹಾಮನ ವಂಶಕ್ಕೆ ಸೇರಿದಳು. ಅವಳು ಒಪ್ಪಿದಳೋ, ಒಪ್ಪದೆ ಬೇರೆ ದಾರಿ ಅವಳಿಗಿತ್ತೋ ಎಂಬುದನ್ನು ಯಾವ ಪತ್ರವೂ ಹೇಳುವುದಿಲ್ಲ, ಮತ್ತು ಅದು ನನ್ನನ್ನು ಕಾಡುತ್ತದೆ.

ಶಾಸ್ತ್ರ ಒಂದು ಹೇಳಿದರೆ ಸಮಾಜ ಇನ್ನೊಂದು ಮಾಡುವುದೂ ಉಂಟು. ಕೊಚ್ಚಿಯಲ್ಲಿ ಬಿಡುಗಡೆಯಾದ ದಾಸರ ಸಂತತಿಯವರನ್ನು ಹೊರನಾಡುಗಳಿಂದ ಬಂದು ನೆಲೆಸಿದ್ದ ‘ಪರದೇಶಿ’ ಯಹೂದಿಗಳು ತಮ್ಮ ಸಿನಗಾಗ್‌ನಲ್ಲಿ ಸಮನಾಗಿ ಕೂರಲು ಬಿಡುತ್ತಿರಲಿಲ್ಲ. ಕೈರೋದ ರಬ್ಬಿ ಡೇವಿಡ್ ಬೆನ್ ಜಿಮ್ರಾ 16ನೆಯ ಶತಮಾನದಲ್ಲೇ ಕೊಚ್ಚಿಯ ಪ್ರಶ್ನೆಗೆ ಉತ್ತರಿಸಿ, ವಿಧಿಯಂತೆ ಸ್ನಾನವಾದ ಮೇಲೆ ಅವರೂ ಯಹೂದಿಗಳೇ ಎಂದಿದ್ದರೂ ತಾರತಮ್ಯ 20ನೆಯ ಶತಮಾನದವರೆಗೆ ನಡೆಯಿತು. ವಕೀಲ ಎ.ಬಿ. ಸೇಲಂ ಅದರ ವಿರುದ್ಧ ಗಾಂಧೀಜಿಯ ಮಾದರಿಯಲ್ಲಿ ಸತ್ಯಾಗ್ರಹ ಹೂಡಬೇಕಾಯಿತು.

ರಕ್ತದ ಮಾತು ಬಂದದ್ದು ಸ್ಪೇನಿನಿಂದ. 1391ರಲ್ಲಿ ಸೆವಿಲ್‌ನಲ್ಲಿ ಶುರುವಾದ ಗಲಭೆ ಊರೂರಿಗೆ ಹಬ್ಬಿ, ಜೀವ ಉಳಿಸಿಕೊಳ್ಳಲು ಯಹೂದಿಗಳು ಸಾವಿರಗಟ್ಟಲೆ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಕ್ರೈಸ್ತ ಸಿದ್ಧಾಂತದಂತೆ ಅವರ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮತಾಂತರಗೊಂಡವರು ಹುದ್ದೆಗಳಲ್ಲಿ ಮೇಲೆ ಬರುತ್ತಿದ್ದಂತೆ, 1449ರಲ್ಲಿ ಟೊಲೆಡೊ ನಗರ ಯಹೂದಿ ಮೂಲದ ಕ್ರೈಸ್ತರು ಯಾವ ಅಧಿಕಾರವನ್ನೂ ಹಿಡಿಯಬಾರದೆಂದು ಶಾಸನ ಮಾಡಿತು. ಪೋಪ್ ಐದನೆಯ ನಿಕೋಲಸ್ ಅದನ್ನು ಖಂಡಿಸಿದ. ಆದರೂ ‘ರಕ್ತಶುದ್ಧಿ’ಯ ನಿಯಮ ಮುಂದಿನ ದಶಕಗಳಲ್ಲಿ ಮಠ, ವಿದ್ಯಾಪೀಠ, ಸಂಘಗಳಿಗೆಲ್ಲ ಹರಡಿತು. ದೀಕ್ಷಾಸ್ನಾನದ ನೀರು ರಕ್ತವನ್ನು ತೊಳೆಯಲಾರದು ಎಂದು ಕ್ರೈಸ್ತ ಸಮಾಜವೊಂದು ತನ್ನದೇ ಸಿದ್ಧಾಂತಕ್ಕೆ ವಿರುದ್ಧವಾಗಿ ತೀರ್ಮಾನಿಸಿದ ಗಳಿಗೆ ಅದು. 1492ರಲ್ಲಿ ಉಳಿದ ಯಹೂದಿಗಳನ್ನು ಸ್ಪೇನ್ ಹೊರಗಟ್ಟಿತು. 1497ರಲ್ಲಿ ಪೋರ್ಚುಗಲ್ ಬಲವಂತವಾಗಿ ಮತಾಂತರಿಸಿತು.

ಅದರ ಬಿಸಿ ಗೋವಾಕ್ಕೂ ತಟ್ಟಿತು. ಅಂಥ ‘ಹೊಸ ಕ್ರೈಸ್ತ’ ಕುಟುಂಬದ ವೈದ್ಯ ಗಾರ್ಸಿಯಾ ಡ ಒರ್ಟಾ 1534ರಲ್ಲಿ ಗೋವಾಕ್ಕೆ ಬಂದು, ಭಾರತದ ಗಿಡಮೂಲಿಕೆ ಮತ್ತು ಔಷಧಿಗಳ ಬಗ್ಗೆ 1563ರಲ್ಲಿ ಮಹತ್ವದ ಗ್ರಂಥ ಅಚ್ಚು ಹಾಕಿಸಿದ. 1568ರಲ್ಲಿ ಗೌರವಾನ್ವಿತ ಕ್ರೈಸ್ತನಾಗಿಯೇ ಸತ್ತ. ಮರುವರ್ಷ ಅವನ ತಂಗಿ ಕ್ಯಾಟರಿನಾಳನ್ನು ಗುಟ್ಟಾಗಿ ಯಹೂದಿ ಆಚಾರ ಪಾಲಿಸಿದಳೆಂದು ಮತವಿಚಾರಣೆಯವರು ಸುಟ್ಟರು. 1580ರಲ್ಲಿ ಅವನ ಮೂಳೆಗಳನ್ನೂ ಗೋರಿಯಿಂದ ಅಗೆದು ಸುಟ್ಟರು. ಸತ್ತು ಹನ್ನೆರಡು ವರ್ಷಗಳಾದ ಮೇಲೆ ಒಬ್ಬನನ್ನು ಯಹೂದಿ ಎಂದು ತೀರ್ಮಾನಿಸಿದ ಪ್ರಕರಣ ಇದು.

ಈಗ ಮೊದಲ ಪ್ರಶ್ನೆಗೆ, ಧರ್ಮವೋ ಜನಾಂಗವೋ ಎಂಬುದಕ್ಕೆ ಬರೋಣ. ಈ ಪ್ರಶ್ನೆ ಈ ರೂಪದಲ್ಲಿ ಹುಟ್ಟಿದ್ದೇ ಆಧುನಿಕ ಯುರೋಪಿನಲ್ಲಿ. ಅದಕ್ಕೆ ಮೊದಲು ಯಹೂದಿ ಸಮುದಾಯಕ್ಕೆ ತನ್ನದೇ ನ್ಯಾಯಾಲಯ, ತೆರಿಗೆ ವ್ಯವಸ್ಥೆ, ಶಾಲೆ ಇದ್ದವು. ಅಲ್ಲಿ ಜನ ಬೇರೆ, ಧರ್ಮ ಬೇರೆ ಎಂದು ಯಾರೂ ಬಿಡಿಸಿ ನೋಡುತ್ತಿರಲಿಲ್ಲ. ಫ್ರೆಂಚ್ ಕ್ರಾಂತಿ ಬಿಡಿಸಿತು. 1789ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಸಭೆಯಲ್ಲಿ ಕ್ಲೆರ್ಮಾಂ ತೊನೇರ್ ಎಂಬ ಸದಸ್ಯ ವಾದಿಸಿದ: ರಾಷ್ಟ್ರವಾಗಿ ಯಹೂದಿಗಳಿಗೆ ಏನನ್ನೂ ಕೊಡಬಾರದು, ವ್ಯಕ್ತಿಗಳಾಗಿ ಎಲ್ಲವನ್ನೂ ಕೊಡಬೇಕು. 1791ರಲ್ಲಿ ಪೌರತ್ವ ಸಿಕ್ಕಿತು. ನೆಪೋಲಿಯನ್ 1806ರಲ್ಲಿ ಯಹೂದಿ ಗಣ್ಯರನ್ನು ಕರೆಸಿ ಹನ್ನೆರಡು ಪ್ರಶ್ನೆಗಳನ್ನು ಮುಂದಿಟ್ಟ: ಬಹುಪತ್ನಿತ್ವ ಉಂಟೇ, ಕ್ರೈಸ್ತರೊಂದಿಗೆ ಮದುವೆ ಆಗಬಹುದೇ, ಫ್ರಾನ್ಸನ್ನು ತಾಯ್ನಾಡೆಂದು ಭಾವಿಸುತ್ತೀರಾ? ಕೊನೆಯದಕ್ಕೆ ‘ಪ್ರಾಣ ಕೊಟ್ಟಾದರೂ ಕಾಪಾಡುತ್ತೇವೆ’ ಎಂದು ಸಭೆ ಒಕ್ಕೊರಲಿನಿಂದ ಕೂಗಿತು.

ಸಮಾನ ಹಕ್ಕಿಗೆ ಕೊಟ್ಟ ಬೆಲೆ ಇದು: ಯಹೂದಿತನ ಇನ್ನು ಮೇಲೆ ಮನೆಯೊಳಗಿನ ಧರ್ಮ ಮಾತ್ರ. 19ನೆಯ ಶತಮಾನದ ಜರ್ಮನಿಯ ಯಹೂದಿಗಳು ತಮ್ಮನ್ನು ‘ಮೋಶೆಯ ಮತದ ಜರ್ಮನ್ನರು’ ಎಂದು ಕರೆದುಕೊಂಡರು. ಸುಧಾರಣಾವಾದಿ ಪಂಥ ಹುಟ್ಟಿ, ಜೆರುಸಲೇಮಿಗೆ ಮರಳುವ ಆಸೆಯ ಸಾಲುಗಳನ್ನು ಪ್ರಾರ್ಥನಾ ಪುಸ್ತಕದಿಂದ ಕೈಬಿಟ್ಟಿತು. ಪೂರ್ವ ಯುರೋಪಿನಲ್ಲಿ ಪರಿಸ್ಥಿತಿ ಬೇರೆ. ರಷ್ಯಾ ಸಾಮ್ರಾಜ್ಯದ ಲಕ್ಷಾಂತರ ಯಹೂದಿಗಳಿಗೆ ಪೌರತ್ವದ ಹಕ್ಕೂ ಇರಲಿಲ್ಲ, ಮಾತನಾಡುತ್ತಿದ್ದದ್ದು ಯಿಡ್ಡಿಷ್ ಎಂಬ ತಮ್ಮದೇ ಭಾಷೆ. ಅವರಿಗೆ ತಾವೊಂದು ಜನಾಂಗವೆಂಬುದು ವಾದ ಮಾಡಿ ಒಪ್ಪಿಸಬೇಕಾದ ಸಂಗತಿಯೇ ಆಗಿರಲಿಲ್ಲ. 1897ರಲ್ಲಿ ಎರಡು ಸಂಘಟನೆಗಳು ಹುಟ್ಟಿದವು. ಬಾಸೆಲ್‌ನಲ್ಲಿ ಥಿಯೋಡರ್ ಹರ್ಜ್‌ಲ್ ಮೊದಲ ಜಿಯೋನಿಸ್ಟ್ ಸಮ್ಮೇಳನ ನಡೆಸಿ, ನಾವು ರಾಷ್ಟ್ರ, ನಮಗೆ ನೆಲ ಬೇಕು ಎಂದ. ವಿಲ್ನಾದಲ್ಲಿ ಬುಂಡ್ ಎಂಬ ಕಾರ್ಮಿಕ ಪಕ್ಷ, ನಾವು ಇದ್ದಲ್ಲಿಯೇ ಇರುತ್ತೇವೆ, ಯಿಡ್ಡಿಷ್ ಭಾಷೆಯೊಂದಿಗೆ ಸಮಾನರಾಗಿ ಬದುಕುತ್ತೇವೆ ಎಂದಿತು. ಈಗ ಜಿಯೋನಿಸಂ ಮಾತ್ರ ನೆನಪಿನಲ್ಲಿದೆ. ಬುಂಡ್ ಸೋತದ್ದು ವಾದದಲ್ಲಲ್ಲ, ಅದರ ಜನರನ್ನೇ ಕೊಂದರು.

ನಾತ್ಸಿ ಜರ್ಮನಿಯ 1935ರ ಸೆಪ್ಟೆಂಬರ್ 15ರ ನ್ಯೂರೆಂಬರ್ಗ್ ಕಾನೂನುಗಳು, ನವೆಂಬರ್‌ನಲ್ಲಿ ಬಂದ ಅವುಗಳ ಪೂರಕ ಆದೇಶ ಅಜ್ಜ ಅಜ್ಜಿಯರ ಲೆಕ್ಕ ಹಿಡಿದವು. ನಾಲ್ವರಲ್ಲಿ ಮೂವರು ಅಥವಾ ನಾಲ್ವರೂ ಯಹೂದಿಗಳಾಗಿದ್ದರೆ ಆ ವ್ಯಕ್ತಿ ಯಹೂದಿ. ಇಬ್ಬರಾದರೆ, ಅವನು ಯಹೂದಿ ಸಮುದಾಯದ ಸದಸ್ಯನೋ, ಯಹೂದಿಯನ್ನು ಮದುವೆಯಾಗಿದ್ದಾನೋ ಎಂದು ನೋಡಬೇಕು. ಇಲ್ಲವಾದರೆ ಮೊದಲ ದರ್ಜೆಯ ಮಿಶ್ರ. ಒಬ್ಬರಾದರೆ ಎರಡನೆಯ ದರ್ಜೆ. ರಕ್ತದ ವಿಜ್ಞಾನವೆಂದು ಕೊಚ್ಚಿಕೊಂಡ ಈ ಕಾನೂನಿಗೆ ಆ ಅಜ್ಜಿ ಯಹೂದಿ ಎಂದು ತಿಳಿಯುವ ದಾರಿ ಯಾವುದು? ಅವಳು ಯಹೂದಿ ಧಾರ್ಮಿಕ ಸಭೆಗೆ ಸೇರಿದ್ದಳೇ ಎಂಬ ದಾಖಲೆ. ರಕ್ತದಲ್ಲಿ ಏನೂ ಕಾಣದಿದ್ದುದರಿಂದ ಧರ್ಮದ ಪುಸ್ತಕವನ್ನೇ ತೆರೆಯಬೇಕಾಯಿತು. ಜನಾಂಗವಾದದ ಪೊಳ್ಳುತನಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದರೆ ಆ ಪೊಳ್ಳು ಲೆಕ್ಕವೇ ಸುಮಾರು 60 ಲಕ್ಷ ಜನರ ಹತ್ಯೆಗೆ ಪಟ್ಟಿ ಒದಗಿಸಿತು.

ಇಲ್ಲಿ ಇಬ್ಬರ ಬದುಕನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಎಡಿತ್ ಸ್ಟೈನ್ ಯಹೂದಿ ಮನೆಯಲ್ಲಿ 1891ರಲ್ಲಿ ಹುಟ್ಟಿದ ತತ್ವಶಾಸ್ತ್ರಜ್ಞೆ. 1922ರಲ್ಲಿ ಕ್ಯಾಥೊಲಿಕ್ ಆದಳು, 1933ರಲ್ಲಿ ಕಾರ್ಮೆಲ್ ಎಂಬ ಸನ್ಯಾಸಿ ಸಭೆಯ ಮಠ ಸೇರಿದಳು. 1942ರ ಜುಲೈನಲ್ಲಿ ನೆದರ್‌ಲ್ಯಾಂಡ್ಸ್‌ನ ಬಿಷಪ್‌ಗಳು ಯಹೂದಿಗಳ ಗಡೀಪಾರನ್ನು ಖಂಡಿಸಿದರು. ಅದರ ಸೇಡಿಗೆ ನಾತ್ಸಿಗಳು ಯಹೂದಿ ಮೂಲದ ಕ್ಯಾಥೊಲಿಕರನ್ನು ಬಂಧಿಸಿದರು. ಆಗಸ್ಟ್ 9ರಂದು ಆಷ್‌ವಿಟ್ಜ್ ಹತ್ಯಾಶಿಬಿರದಲ್ಲಿ ಎಡಿತ್ ಕೊಲೆಯಾದಳು. ಸನ್ಯಾಸಿನಿಯ ನಿಲುವಂಗಿ ಅವಳನ್ನು ಕಾಯಲಿಲ್ಲ. ಕೊಲ್ಲುವವರ ಪುಸ್ತಕದಲ್ಲಿ ಅವಳು ಯಹೂದಿ.

ಅದೇ 1942ರ ಆಗಸ್ಟ್‌ನಲ್ಲಿ ಓಸ್ವಾಲ್ಡ್ ರುಫೈಸನ್ ಎಂಬ ಇಪ್ಪತ್ತರ ಆಸುಪಾಸಿನ ಪೋಲಿಷ್ ಯಹೂದಿ ಯುವಕ, ನಾತ್ಸಿಗಳ ವಶದಲ್ಲಿದ್ದ ಮಿರ್ ಎಂಬ ಊರಿನ ಪೊಲೀಸ್ ಠಾಣೆಯಲ್ಲಿ ತನ್ನ ಗುರುತು ಮರೆಮಾಚಿ ದುಭಾಷಿಯಾಗಿದ್ದ. ಘೆಟ್ಟೋ ಎಂಬ ಕೇರಿಯಲ್ಲಿ ಕೂಡಿಹಾಕಿದ್ದ ಯಹೂದಿಗಳನ್ನು ಕೊಲ್ಲುವ ದಿನ ನಿಗದಿಯಾದದ್ದು ತಿಳಿದು ಅವರಿಗೆ ಸುದ್ದಿ ಮುಟ್ಟಿಸಿದ. ನೂರಾರು ಜನ ಕಾಡಿಗೆ ಓಡಿ ತಪ್ಪಿಸಿಕೊಂಡರು. ಸಿಕ್ಕಿಬಿದ್ದ ಮೇಲೆ ತಾನೂ ಓಡಿ ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ಅಡಗಿದ, ಅಲ್ಲಿಯೇ ದೀಕ್ಷಾಸ್ನಾನ ಪಡೆದ. ಯುದ್ಧದ ಬಳಿಕ ಕಾರ್ಮೆಲ್ ಸಭೆ ಸೇರಿ ಬ್ರದರ್ ಡೇನಿಯಲ್ ಆದ. ಆದರೆ ತಾನು ಯಹೂದಿ ಎಂಬ ಭಾವ ಬಿಡಲಿಲ್ಲ. 1959ರಲ್ಲಿ ಇಸ್ರೇಲ್‌ಗೆ ಹೋಗಿ, ಪ್ರತಿ ಯಹೂದಿಗೂ ನೆಲೆಸುವ ಹಕ್ಕು ಕೊಡುವ 1950ರ ಮರಳಿಕೆ ಕಾನೂನಿನಡಿ ಪೌರತ್ವ ಕೇಳಿದ. ಯಹೂದಿ ತಾಯಿಗೆ ಹುಟ್ಟಿದವನು ನಾನು, ಧರ್ಮ ಕ್ರೈಸ್ತವಾದರೂ ಜನಾಂಗ ಯಹೂದಿಯದು ಎಂಬುದು ಅವನ ವಾದ.

ಸುಪ್ರೀಂ ಕೋರ್ಟ್ 1962ರಲ್ಲಿ ಬಹುಮತದಿಂದ ಅರ್ಜಿಯನ್ನು ತಳ್ಳಿಹಾಕಿತು. ತೀರ್ಪು ಬರೆದ ನ್ಯಾಯಮೂರ್ತಿ ಮೋಶೆ ಸಿಲ್ಬರ್ಗ್ ಒಂದು ವಿಚಿತ್ರವನ್ನು ಒಪ್ಪಿಕೊಂಡರು. ರಬ್ಬಿಗಳ ಶಾಸ್ತ್ರದ ಪ್ರಕಾರ ಡೇನಿಯಲ್ ಯಹೂದಿಯೇ. ‘ಪಾಪ ಮಾಡಿದರೂ ಇಸ್ರೇಲನು ಇಸ್ರೇಲನೇ’ ಎಂಬುದು ತಾಲ್ಮುಡ್‌ನ ಮಾತು. ಆದರೆ ಮರಳಿಕೆ ಕಾನೂನು ಲೌಕಿಕವಾದದ್ದು, ಅದರಲ್ಲಿನ ಪದಕ್ಕೆ ಸಾಮಾನ್ಯ ಜನ ಕೊಡುವ ಅರ್ಥವೇ ಪ್ರಮಾಣ. ಕ್ರೈಸ್ತ ಸನ್ಯಾಸಿಯನ್ನು ಸಾಮಾನ್ಯ ಯಹೂದಿ ಯಾರೂ ಯಹೂದಿ ಎನ್ನುವುದಿಲ್ಲ. ಧರ್ಮಶಾಸ್ತ್ರ ಒಳಗೆ ಬಿಟ್ಟವನನ್ನು ಲೌಕಿಕ ನ್ಯಾಯಾಲಯ ಹೊರಗೆ ನಿಲ್ಲಿಸಿತು! ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ. ಸಿಲ್ಬರ್ಗ್ ಎತ್ತಿಹಿಡಿದದ್ದು ರಕ್ತವನ್ನೂ ಅಲ್ಲ, ಶಾಸ್ತ್ರವನ್ನೂ ಅಲ್ಲ, ಶತಮಾನಗಳ ನೆನಪನ್ನು. ಬಲವಂತದ ದೀಕ್ಷಾಸ್ನಾನಗಳನ್ನು ಮರೆಯದ ಜನರ ನೆನಪನ್ನು. ಆದರೂ ನೂರಾರು ಯಹೂದಿಗಳ ಜೀವ ಉಳಿಸಿದವನಿಗೆ ಅದೇ ಹೆಸರನ್ನು ನಿರಾಕರಿಸಿದ್ದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ಆಮೇಲೆ ಸಾಮಾನ್ಯ ವಿದೇಶಿಯ ದಾರಿಯಲ್ಲಿ ಪೌರತ್ವ ಪಡೆದು ಅವನು ಹೈಫಾದ ಮಠದಲ್ಲಿ 1998ರವರೆಗೆ ಬದುಕಿದ.

1970ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು: ಯಹೂದಿ ಎಂದರೆ ಯಹೂದಿ ತಾಯಿಗೆ ಹುಟ್ಟಿದ ಅಥವಾ ಮತಾಂತರಗೊಂಡ, ಬೇರೆ ಧರ್ಮಕ್ಕೆ ಸೇರದ ವ್ಯಕ್ತಿ. ಅದರ ಜೊತೆಗೇ ಯಹೂದಿಯ ಮಕ್ಕಳು, ಮೊಮ್ಮಕ್ಕಳು, ಅವರ ಗಂಡ ಹೆಂಡಿರು ಶಾಸ್ತ್ರದ ಪ್ರಕಾರ ಯಹೂದಿಗಳಲ್ಲದಿದ್ದರೂ ವಲಸೆ ಬರುವ ಹಕ್ಕು ಪಡೆದರು. ಅಂತರ್ಧರ್ಮೀಯ ಮದುವೆಯ ಕುಟುಂಬಗಳನ್ನು ಒಡೆಯಬಾರದೆಂಬುದು ಆಗಿನ ಕಾರಣ. ಒಬ್ಬ ಅಜ್ಜನ ದೆಸೆಯಿಂದ ನಾತ್ಸಿಗಳ ಕಾಟಕ್ಕೆ ಸಿಕ್ಕವರಿಗೆ ಅದೇ ಅಜ್ಜನ ದೆಸೆಯಿಂದ ಆಶ್ರಯವೂ ಸಿಗಬೇಕು ಎಂದು ಹಲವರು ಇದನ್ನು ಸಮರ್ಥಿಸುತ್ತಾರೆ.

ಭಾರತದ ಬೆನೆ ಇಸ್ರೇಲ್ ಜನರಿಗೂ ಈ ಪ್ರಶ್ನೆ ಎದುರಾಯಿತು. ಕೊಂಕಣದ ನವಗಾಂವ್ ಬಳಿ ಹಡಗು ಒಡೆದು ಬದುಕುಳಿದ ಏಳು ಜೋಡಿಗಳ ಸಂತತಿ ತಾವೆಂಬುದು ಅವರ ನಂಬಿಕೆ. ಗಾಣ ಹಾಕಿ ಎಣ್ಣೆ ತೆಗೆಯುವುದು ಕಸುಬು; ಶನಿವಾರ ಗಾಣ ತಿರುಗಿಸುತ್ತಿರಲಿಲ್ಲವಾದ್ದರಿಂದ ಊರವರು ಕರೆದದ್ದು ‘ಶನಿವಾರ ತೇಲಿ’ ಎಂದು. ಸುತ್ತಲಿನವರ ಕಣ್ಣಿಗೆ ಅವರೊಂದು ಜಾತಿ, ಅಷ್ಟೇ. ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿದ್ದ ಈ ಸಮುದಾಯದ ಸ್ಯಾಮ್ಯುಯೆಲ್ ದಿವೇಕರ್ ಟಿಪ್ಪುವಿನ ಸೆರೆಗೆ ಸಿಕ್ಕಿದಾಗ, ನೀನು ಯಾವ ಜನ ಎಂಬ ಪ್ರಶ್ನೆಗೆ ‘ಬೆನೆ ಇಸ್ರೇಲ್’ ಎಂದನಂತೆ. ಕುರಾನಿನಲ್ಲಿ ಬರುವ ಬನೀ ಇಸ್ರಾಯಿಲ್ ಇವರೇ ಎಂದು ಟಿಪ್ಪುವಿನ ತಾಯಿ ಗುರುತಿಸಿ ಪ್ರಾಣ ಉಳಿಸಿದಳೆಂಬುದು ಆ ಸಮುದಾಯದಲ್ಲಿ ನಡೆದುಬಂದ ಪ್ರತೀತಿ. ಬಿಡುಗಡೆಯಾದ ದಿವೇಕರ್ 1796ರಲ್ಲಿ ಮುಂಬಯಿಯ ಮೊದಲ ಸಿನಗಾಗ್ ಕಟ್ಟಿಸಿದ.

ಆ ಜನ ಸ್ವಾತಂತ್ರ್ಯಾನಂತರ ಇಸ್ರೇಲಿಗೆ ವಲಸೆ ಹೋದಾಗ, ಅಲ್ಲಿನ ಮುಖ್ಯ ರಬ್ಬಿಗಳ ಮಂಡಳಿ 1962ರಲ್ಲಿ, ಬೆನೆ ಇಸ್ರೇಲ್ ಮಂದಿ ಇತರ ಯಹೂದಿಗಳನ್ನು ಮದುವೆಯಾಗುವ ಮುನ್ನ ಅವರ ತಾಯಿ, ಅಜ್ಜಿಯರ ಮೂಲವನ್ನು ಸಾಧ್ಯವಾದಷ್ಟು ಹಿಂದಿನವರೆಗೆ ಶೋಧಿಸಬೇಕೆಂದು ಸೂಚಿಸಿತು. ಭಾರತದಲ್ಲಿ ಯಾರೂ ಅವರ ಯಹೂದಿತನವನ್ನು ಪ್ರಶ್ನಿಸಿರಲಿಲ್ಲ. ಪ್ರಶ್ನೆ ಬಂದದ್ದು ಯಹೂದಿ ರಾಷ್ಟ್ರದಲ್ಲಿ. 1964ರ ಬೇಸಿಗೆಯಲ್ಲಿ ಅವರು ಜೆರುಸಲೇಮಿನಲ್ಲಿ ಧರಣಿ ಕೂತರು. ಆಗಸ್ಟ್‌ನಲ್ಲಿ ಇಸ್ರೇಲ್ ಸಂಸತ್ತು ಬೆನೆ ಇಸ್ರೇಲ್ ಜನ ಎಲ್ಲ ರೀತಿಯಿಂದಲೂ ಯಹೂದಿಗಳೆಂದು ಘೋಷಿಸಿತು, ರಬ್ಬಿಗಳು ಆ ಸೂಚನೆಯಿಂದ ಸಮುದಾಯದ ಹೆಸರನ್ನು ತೆಗೆದರು. ಇಥಿಯೋಪಿಯಾದ ಯಹೂದಿಗಳಿಗೂ 1980ರ ದಶಕದಲ್ಲಿ ಇಂಥದೇ ಅನುಮಾನ, ಇಂಥದೇ ಧರಣಿ.

ಇಂದಿನ ಚಿತ್ರ ಇನ್ನೂ ಜಟಿಲವಾಗಿದೆ. ಅಮೆರಿಕದ ಸುಧಾರಣಾವಾದಿ ರಬ್ಬಿಗಳು 1983ರಲ್ಲಿ, ತಂದೆ ಮಾತ್ರ ಯಹೂದಿಯಾಗಿದ್ದರೂ ಯಹೂದಿಯಾಗಿ ಬೆಳೆದ ಮಗು ಯಹೂದಿಯೇ ಎಂದರು, ಸಂಪ್ರದಾಯವಾದಿಗಳು ಒಪ್ಪುವುದಿಲ್ಲ. ಪ್ಯೂ ಸಂಶೋಧನಾ ಕೇಂದ್ರದ 2020ರ ಸಮೀಕ್ಷೆಯಲ್ಲಿ ಅಮೆರಿಕದ ವಯಸ್ಕ ಯಹೂದಿಗಳ ಪೈಕಿ ಶೇ 27ರಷ್ಟು ಮಂದಿ ತಮಗೆ ಧರ್ಮವೇ ಇಲ್ಲ, ಆದರೂ ತಾವು ಯಹೂದಿಗಳು ಎಂದರು. ಇಸ್ರೇಲಿನ ಸುಪ್ರೀಂ ಕೋರ್ಟ್ 2021ರಲ್ಲಿ, ದೇಶದೊಳಗೆ ಸುಧಾರಣಾವಾದಿ ಪಂಥಗಳ ಮೂಲಕ ಆದ ಮತಾಂತರಕ್ಕೂ ಪೌರತ್ವದ ಮಟ್ಟಿಗೆ ಮಾನ್ಯತೆ ಕೊಟ್ಟಿತು.

ಹೆಚ್ಚು ಇಕ್ಕಟ್ಟಿನಲ್ಲಿರುವವರು ಹಿಂದಿನ ಸೋವಿಯತ್ ಒಕ್ಕೂಟದಿಂದ ಬಂದವರು. ಅಲ್ಲಿ 1932ರಿಂದ ಒಳನಾಡಿನ ಪಾಸ್‌ಪೋರ್ಟಿನಲ್ಲಿ ರಾಷ್ಟ್ರೀಯತೆಯನ್ನು ನಮೂದಿಸುತ್ತಿದ್ದರು. ತಂದೆ ಯಹೂದಿ, ತಾಯಿ ರಷ್ಯನ್ ಆಗಿದ್ದರೆ ಹದಿನಾರಕ್ಕೆ ಪಾಸ್‌ಪೋರ್ಟ್ ಪಡೆಯುವಾಗ ಒಂದನ್ನು ಆರಿಸಿಕೊಳ್ಳಬಹುದಿತ್ತು. ಹಾಗೆ ಯಹೂದಿ ಎಂದು ಬರೆಸಿಕೊಂಡು, ಅದರಿಂದಾಗಿಯೇ ಕಾಲೇಜು ಪ್ರವೇಶ ಮತ್ತು ಕೆಲಸ ಕಳೆದುಕೊಂಡವರು ಇಸ್ರೇಲಿಗೆ ಬಂದಿಳಿದಾಗ, ತಾಯಿ ಯಹೂದಿಯಲ್ಲವಾದ್ದರಿಂದ ನೀವು ಯಹೂದಿಗಳಲ್ಲ ಎಂದು ರಬ್ಬಿಗಳು ಹೇಳಿದರು. ಅಂಥವರು ಲಕ್ಷಗಟ್ಟಲೆ ಇದ್ದಾರೆ. ಹೀಬ್ರೂ ಮಾತನಾಡುತ್ತಾರೆ, ಸೇನೆಯಲ್ಲಿ ದುಡಿಯುತ್ತಾರೆ, ಯಹೂದಿ ಹಬ್ಬಗಳನ್ನು ಆಚರಿಸುತ್ತಾರೆ. ಇಸ್ರೇಲಿನಲ್ಲಿ ಲೌಕಿಕ ಮದುವೆಗೆ ಅವಕಾಶವಿಲ್ಲದ ಕಾರಣ, ತಾಳ್ಮೆ ಬೇಡುವ ಮತಾಂತರಕ್ಕೆ ಒಪ್ಪದವರು ಸೈಪ್ರಸ್‌ಗೆ ವಿಮಾನ ಹತ್ತಿ ಮದುವೆಯಾಗಿ ಬರುತ್ತಾರೆ. ಅದನ್ನು ಸರ್ಕಾರ ನೋಂದಾಯಿಸಿಕೊಳ್ಳುತ್ತದೆ. ಗೃಹ ಇಲಾಖೆಗೆ ಅವರು ಮರಳಿ ಬಂದ ಬಂಧುಗಳು, ರಬ್ಬಿಗಳ ಕಚೇರಿಗೆ ಹೊರಗಿನವರು. 2022ರ ಕೊನೆಯಲ್ಲಿ ಅಧಿಕಾರಕ್ಕೆ ಬಂದ ಸಮ್ಮಿಶ್ರ ಸರ್ಕಾರದ ಧಾರ್ಮಿಕ ಪಕ್ಷಗಳು ಮೊಮ್ಮಕ್ಕಳಿಗೆ ಹಕ್ಕು ಕೊಡುವ ವಿಧಿಯನ್ನೇ ಕಿತ್ತುಹಾಕಬೇಕೆಂದು ಬೇಡಿಕೆ ಇಟ್ಟವು. ವಲಸಿಗರ ಪಕ್ಷಗಳೂ ಅಮೆರಿಕದ ಯಹೂದಿ ಸಂಘಟನೆಗಳೂ ಅದನ್ನು ಕಟುವಾಗಿ ವಿರೋಧಿಸಿದವು.